ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಯ ಈ ಅಂಗಡಿಯಲ್ಲಿ ತೊಗರಿ ಬೇಳೆ ಎಲ್ಲಿಯದು ಅಂತ ಹೇಳಿ ಕೊಡುತ್ತಾರೆ

ಹೋದ ವರ್ಷ ಕಲಬುರಗಿಯಲ್ಲೇ ಒಂದು ಕಡೆ ‘ನಮ್ಮದೇ ಬೇಳೆ’ ಅಂತ ಕೊಟ್ಟರು, ನಂಬಿ 5 ಕಿಲೋ ತಂದೆ. ಐದು ಸೀಟಿ ಹೊಡೆಸಿದರೂ ನುಣ್ಣಗಾಗಲಿಲ್ಲ. ಅತ್ತೆ ಒಂದು ತುತ್ತು ಬಾಯಿಗಿಟ್ಟು, ಇದು ನಮ್ಮ ಎರೆ ಹೊಲದ್ದಲ್ಲ, ಅಂದರೆ ಇಲ್ಲಿನ ಕಪ್ಪು ಮಣ್ಣಿನದಲ್ಲ, ಅಂದುಬಿಟ್ಟರು.

ಈ ಸಲ ನೆಹರು ಗಂಜ್‌ನಲ್ಲಿ ದಾಲ್ ಮಿಲ್‌ಗಳ ಹತ್ತಿರ ಇರುವ ಒಂದು ಸಣ್ಣ ಅಂಗಡಿಗೆ ಹೋದೆ. ಎರಡು ಚೀಲ ಬೇರೆ ಬೇರೆ ಇಟ್ಟಿದ್ದರು. “ಅಕ್ಕಾರ, ಇದು ನಮ್ಮ ಕಡೀದು, ಅದು ಹಡಗಿಂದು. ನೋಡಿ ತಗೋರಿ” ಅಂದರು. ಹಡಗಿಂದು ಅಂದರೆ ಮೊಜಾಂಬಿಕ್‌ನಿಂದ ಬಂದ ತೊಗರಿ. ಕಿಲೋಗೆ 20 ರೂಪಾಯಿ ಕಡಿಮೆ. ಕೇಳದೇನೇ ಇಷ್ಟು ಹೇಳಿದರಲ್ಲ, ನನಗೆ ಅಷ್ಟೇ ಸಾಕಾಯಿತು.

ಎರಡೂ ಅರ್ಧರ್ಧ ಕಿಲೋ ತಂದು ಒಂದೇ ದಿನ ಬೇಯಿಸಿದೆ. ನಮ್ಮದು ಎರಡೇ ಸೀಟಿಗೆ ಕರಗಿತು, ಕುಕ್ಕರ್ ತೆಗೆದರೆ ಅಡುಗೆಮನೆ ತುಂಬ ವಾಸನೆ. ಪುಂಡಿ ಪಲ್ಯಕ್ಕೆ ಇದೇ ಬೇಕು. ಹಡಗಿನ ಬೇಳೆ ತೀರಾ ಕೆಟ್ಟದ್ದೇನಲ್ಲ, ಸ್ವಲ್ಪ ನೆನೆಸಿಟ್ಟರೆ ಸಾರಿಗೆ ನಡೆಯುತ್ತದೆ.

ಇದರಲ್ಲಿ ಅಷ್ಟೇನು ಅಂತ ಕೇಳಬಹುದು. ನನ್ನ ತವರು ಆಳಂದ ಕಡೆ, ಅಣ್ಣ ಬೆಳೆಯುವುದು ತೊಗರಿ. 2016ರಲ್ಲೇ ಮೊಜಾಂಬಿಕ್ ಜೊತೆ ತೊಗರಿ ತರಿಸುವ ಒಪ್ಪಂದ ಆಗಿದೆ, 2021ರಲ್ಲಿ ಹೊರಗಿನ ತೊಗರಿ ತರಿಸಲು ಇದ್ದ ಮಿತಿ ತೆಗೆದರು, 2023ರಲ್ಲಿ ಸುಂಕವನ್ನೂ ತೆಗೆದರು. ಅಲ್ಲಿನ ಫಸಲು ನಮ್ಮ ರಾಶಿಗಿಂತ ಮೊದಲೇ ಬಂದರಿಗೆ ಬಂದು ಕೂತಿರುತ್ತದೆ, ಆಮೇಲೆ ಇಲ್ಲಿ ದರ ಏರುವುದು ಹೇಗೆ? 2024-25ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550, ರಾಜ್ಯ 450 ಸೇರಿಸಿ 8,000 ಮಾಡಿತ್ತು. ಅಣ್ಣನಿಗೆ ಖರೀದಿ ಕೇಂದ್ರಕ್ಕೆ ಕಾಯುವಷ್ಟು ದಿನ ಇರಲಿಲ್ಲ, ಸಾಲದ ಕಂತು ಬಂದಿತ್ತು, ಗಂಜ್‌ನಲ್ಲಿ ಅದಕ್ಕಿಂತ ಕಡಿಮೆಗೆ ಕೊಟ್ಟು ಬಂದ. ಹೊರಗಿನಿಂದ ತರಿಸಲೇಬೇಡಿ ಅಂತ ನಾನು ಹೇಳುವುದಿಲ್ಲ, ದಿನಗೂಲಿ ಮನೆಗಳಿಗೆ ಆ 20 ರೂಪಾಯಿ ದೊಡ್ಡದು. ಆದರೆ ಅದನ್ನು ನಮ್ಮ ಹೆಸರಲ್ಲಿ ಮಾರುವುದು ಮೋಸ ಅಲ್ವಾ? ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಕಡೆಯದೇ ಬೆಳೆ ಅನ್ನುವ ಅಧಿಕೃತ ಗುರುತು, ಸಿಕ್ಕಿದೆ, ಹೆಸರಿನ ಲಾಭ ಬೆಳೆದವರಿಗೆ ಹೋಗಬೇಕು.

ಅಂಗಡಿಯ ಕೊರತೆ ಅಂದರೆ ಜಾಗ ಇಕ್ಕಟ್ಟು, ಮುಂದೆ ಲಾರಿ ನಿಂತಿದ್ದರೆ ಗಾಡಿ ದೂರ ನಿಲ್ಲಿಸಬೇಕು. ಬೇಳೆಯಲ್ಲಿ ಸ್ವಲ್ಪ ನುಚ್ಚೂ ಇತ್ತು, ಹೇಳಿದ ಮೇಲೆ ಜರಡಿ ಹಿಡಿದು ಕೊಟ್ಟರು. ಬೆಳಿಗ್ಗೆ ಬೇಗ ಹೋಗಿ, ಚೀಲ ಮನೆಯಿಂದಲೇ ಒಯ್ಯಿರಿ.