ಗಮೆರಾ ಬ್ಲೂ-ರೇ ಸೆಟ್: ದುಡ್ಡು ಕಮ್ಮಿಯಾದಷ್ಟೂ ರಂಗೇರುವ ಆಮೆ

ದೈತ್ಯ ಪ್ರಾಣಿಗಳು ಊರು ತುಳಿಯುವ ಹಳೇ ಜಪಾನಿ ಸಿನಿಮಾಗಳು ನಿಮಗೆ ಇಷ್ಟವಾ? ಹಾಗಿದ್ದರೆ ಈ ಸೆಟ್ ತಗೊಳ್ಳಿ. ಹಳೇ ಸಿನಿಮಾಗಳ ಡಿಸ್ಕ್ ತರುವ ಆರೋ ವಿಡಿಯೋ ಕಂಪನಿ 2020ರಲ್ಲಿ ತಂದ 'ಗಮೆರಾ: ದಿ ಕಂಪ್ಲೀಟ್ ಕಲೆಕ್ಷನ್' ಇದು. 1965ರಿಂದ 2006ರವರೆಗಿನ ಹನ್ನೆರಡು ಸಿನಿಮಾ ಎಂಟು ಬ್ಲೂ-ರೇ ಡಿಸ್ಕ್‌ಗಳಲ್ಲಿವೆ. ಗಮೆರಾ ಅಂದರೆ ಕೋರೆಹಲ್ಲಿನ ದೈತ್ಯ ಆಮೆ. ಬೆಂಕಿ ಉಗುಳುತ್ತದೆ, ಬೆಂಕಿಯನ್ನೇ ತಿನ್ನುತ್ತದೆ. ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಂಡು, ಆ ತೂತುಗಳಿಂದ ಬೆಂಕಿ ಚಿಮ್ಮಿಸಿ, ಗಿರಗಿರ ತಿರುಗುತ್ತಾ ಹಾರುತ್ತದೆ. ಮಕ್ಕಳೆಂದರೆ ಅದಕ್ಕೆ ಪ್ರಾಣ.

ಸುಮಾರು ಜನ ಈ ಸೆಟ್ ಕೊಳ್ಳೋದು 1995, 1996 ಮತ್ತು 1999ರ ಮೂರು ಸಿನಿಮಾಗಳಿಗಾಗಿ. ಶೂಸುಕೆ ಕನೆಕೊ ನಿರ್ದೇಶನ, ಶಿಂಜಿ ಹಿಗುಚಿ ಎಫೆಕ್ಟ್ಸ್. ಅವು ತುಂಬಾ ಚೆನ್ನಾಗಿವೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನ ಮಟ್ಟಿಗೆ ಸೆಟ್ಟಿನ ಜೀವ ಇರೋದು ಮೊದಲ ನಾಲ್ಕು ಡಿಸ್ಕ್‌ಗಳಲ್ಲಿ. ಅಲ್ಲಿ ಹಳೆಯ ಎಂಟು ಸಿನಿಮಾಗಳಿವೆ, ಡಿಸ್ಕಿಗೆ ಎರಡರಂತೆ. ಅವನ್ನು ಸಾಲಾಗಿ ನೋಡುತ್ತಾ ಹೋದರೆ ಒಂದು ಸ್ಟುಡಿಯೋ ಹತ್ತಿರ ದುಡ್ಡು ಕರಗುತ್ತಾ ಹೋಗೋದು ಕಣ್ಣಿಗೇ ಕಾಣುತ್ತದೆ. ದುಡ್ಡು ಕರಗಿದ ಹಾಗೆ ಕಥೆ ಇನ್ನೂ ವಿಚಿತ್ರವಾಗುತ್ತದೆ, ಇನ್ನೂ ಧೈರ್ಯ ಮಾಡುತ್ತದೆ. ಅದನ್ನು ನೋಡೋದೇ ಒಂದು ಖುಷಿ.

ಹಿನ್ನೆಲೆ ಸ್ವಲ್ಪ ಹೇಳಬೇಕು. ತೊಹೊ ಸ್ಟುಡಿಯೋದ ಗಾಡ್ಜಿಲ್ಲಾ 1954ರಲ್ಲೇ ಬಂದು ಗೆದ್ದಿತ್ತು. ಗಮೆರಾ ಮಾಡಿದ ದಾಯೇ ಸ್ಟುಡಿಯೋಗೂ ಅಂಥದ್ದೊಂದು ಬೇಕಿತ್ತು. ಮೊದಲು ಅವರು ಜೀವಂತ ಇಲಿಗಳನ್ನೇ ಪುಟಾಣಿ ಊರಿನ ಸೆಟ್ಟಿನಲ್ಲಿ ಓಡಿಸಿ, ದೈತ್ಯ ಇಲಿಗಳ ಸಿನಿಮಾ ಮಾಡಲು ಹೊರಟಿದ್ದರು. ಇಲಿಗಳ ಜೊತೆ ಚಿಗಟಗಳೂ ಬಂದು ಶೂಟಿಂಗ್ ನಿಂತುಹೋಯಿತು. ಆಮೇಲೆ ಬಂದದ್ದೇ ಈ ಆಮೆ. ನಿರ್ದೇಶಕ ನೊರಿಯಾಕಿ ಯುಆಸಾ, ಬರೆದದ್ದು ನೀಸಾನ್ ತಕಹಾಶಿ. ಗಾಡ್ಜಿಲ್ಲಾ ಆಗಲೇ ಬಣ್ಣದಲ್ಲಿ ಬರುತ್ತಿದ್ದ ಕಾಲ, ಇವರದು ಕಪ್ಪು ಬಿಳುಪು. ಆದರೆ ಆ ಕಪ್ಪು ಬಿಳುಪೇ ಸಿನಿಮಾಕ್ಕೆ ಒಳ್ಳೆಯದಾಗಿದೆ. ನಟ ಒಳಹೊಕ್ಕು ಆಡುವ ರಬ್ಬರ್ ಸೂಟಿನ ಹೊಲಿಗೆಗಳು ನೆರಳಿನಲ್ಲಿ ಮರೆಯಾಗುತ್ತವೆ, ಬೆಂಕಿ ಮಾತ್ರ ಬೆಳ್ಳಗೆ ಉರಿಯುತ್ತದೆ. ಕೊನೆಯಲ್ಲಿ ಗಮೆರಾವನ್ನು ಕೊಲ್ಲೋದಿಲ್ಲ, ರಾಕೆಟ್ಟಿನಲ್ಲಿ ಕೂರಿಸಿ ಮಂಗಳ ಗ್ರಹಕ್ಕೆ ಕಳಿಸುತ್ತಾರೆ. ಎಷ್ಟು ಒಳ್ಳೆಯ ಮನಸ್ಸಿನ ಮುಕ್ತಾಯ ಅಲ್ವಾ?

1966ರ ಎರಡನೆಯದಕ್ಕೆ ಬಣ್ಣ ಬಂತು, ಬಜೆಟ್ಟೂ ಬಂತು. ಗಂಭೀರವಾದ ದೊಡ್ಡವರ ಕಥೆ, ಮಧ್ಯೆ ತುಂಬಾ ಎಳೆಯುತ್ತದೆ. ಚೆನ್ನಾಗಿದೆ, ಆದರೆ ನನಗೆ ಅಷ್ಟು ಆಪ್ತವಲ್ಲ.

1967ರಲ್ಲಿ ಬಂದ ಗ್ಯಾಒಸ್ ಸಿನಿಮಾ ನೋಡಿ. (ಇಲ್ಲಿಂದ ಮುಂದೆ ಸಿನಿಮಾಗಳನ್ನು ಎದುರಾಳಿ ಪ್ರಾಣಿಯ ಹೆಸರಿನಿಂದಲೇ ಕರೆಯುತ್ತೇನೆ.) ಗ್ಯಾಒಸ್ ಅಂದರೆ ಬಾವಲಿಯಂಥ ಪ್ರಾಣಿ. ಬಾಯಿಂದ ಬರುವ ಕಿರಣ ಸಿಕ್ಕಿದ್ದನ್ನೆಲ್ಲ ನೇರ ಗೆರೆಯಲ್ಲಿ ಕತ್ತರಿಸುತ್ತದೆ. ಈ ಎಫೆಕ್ಟ್ ಎಷ್ಟು ಸರಳ ನೋಡಿ: ಒಂದು ಬೆಳಕಿನ ಗೆರೆ, ಆಮೇಲೆ ಎರಡು ಹೋಳಾಗಿ ಬೀಳುವ ಒಂದು ಮಾಡೆಲ್. ಅಷ್ಟಕ್ಕೇ ಎದೆ ಧಸಕ್ ಅನ್ನುತ್ತದೆ. ಗ್ಯಾಒಸ್‌ಗೆ ಬಿಸಿಲು ಆಗಿಬರೋದಿಲ್ಲ, ರಾತ್ರಿ ಮಾತ್ರ ಹೊರಗೆ ಬರುತ್ತದೆ. ಅದಕ್ಕೆ ಜನ ಏನು ಮಾಡುತ್ತಾರೆ ಗೊತ್ತಾ? ತಿರುಗುವ ವೇದಿಕೆಯ ಮೇಲೆ ನಕಲಿ ರಕ್ತದ ಕಾರಂಜಿ ಇಟ್ಟು, ಅದನ್ನು ಕುಡಿಯಲು ಬಂದ ಗ್ಯಾಒಸ್‌ನನ್ನು ತಲೆ ತಿರುಗುವವರೆಗೆ ಸುತ್ತಿಸಿ, ಬೆಳಗಾಗುವ ತನಕ ಅಲ್ಲೇ ಹಿಡಿದಿಡಲು ನೋಡುತ್ತಾರೆ! ಇದನ್ನು ಯೋಚಿಸಿದ ತಲೆಗೆ ನನ್ನ ನಮಸ್ಕಾರ. ಹಳೆಯ ಎಂಟರಲ್ಲಿ ಅಚ್ಚುಕಟ್ಟಾದದ್ದು ಇದೇ.

1968ರ ವೀರಾಸ್ ಹೊತ್ತಿಗೆ ಬಜೆಟ್ ಜೋರಾಗಿ ಕುಸಿದಿದೆ. ಬಾಹ್ಯಾಕಾಶದವರು ಗಮೆರಾದ ನೆನಪುಗಳನ್ನು ಓದುವ ನೆಪದಲ್ಲಿ ಹಿಂದಿನ ಸಿನಿಮಾಗಳ ದೃಶ್ಯಗಳನ್ನೇ ಬಹಳ ಹೊತ್ತು ತೋರಿಸುತ್ತಾರೆ. ಬಣ್ಣದ ಸಿನಿಮಾದ ನಡುವೆ ಕಪ್ಪು ಬಿಳುಪಿನ ತುಣುಕೂ ಬರುತ್ತದೆ. ಸಾಲಾಗಿ ನೋಡಿಕೊಂಡು ಬಂದವರಿಗೆ ಇದು ಬೇಜಾರು, ಆ ಭಾಗ ಓಡಿಸಿಬಿಡಿ.

ಈಗ 1969ರ ಗಿರಾನ್‌ಗೆ ಬರೋಣ. ಇದರ ಬಗ್ಗೆ ಎಷ್ಟು ಬರೆದರೂ ನನಗೆ ಸಾಲದು. ದೊಡ್ಡ ಊರಿನ ಸೆಟ್ ಕಟ್ಟಿ ಒಡೆಯಲು ದುಡ್ಡು ಬೇಕು. ಇಲ್ಲಿ ಕಥೆಯನ್ನೇ ಬೇರೆ ಗ್ರಹಕ್ಕೆ ಒಯ್ದಿದ್ದಾರೆ, ಸೂರ್ಯನ ಆಚೆ ಬದಿಯಲ್ಲಿ ಅಡಗಿರುವ ಗ್ರಹ. ಅಲ್ಲಿ ಉಳಿದಿರೋದು ಇಬ್ಬರೇ ಹೆಂಗಸರು, ಹೋಗಿ ಸಿಕ್ಕಿಬೀಳೋದು ಇಬ್ಬರು ಹುಡುಗರು. ಕಾವಲಿಗೆ ಗಿರಾನ್. ಅದರ ತಲೆ ಇಡೀ ಒಂದು ಚಾಕು! ಕೊಂಬಲ್ಲ, ಕೊಕ್ಕಲ್ಲ, ಪೂರ್ತಿ ಚಾಕು. ಅದು ಮೊದಲ ಸಲ ಹೊರಗೆ ಬಂದಾಗಲೇ ಒಂದು ಬೆಳ್ಳಿ ಬಣ್ಣದ ಗ್ಯಾಒಸ್‌ನನ್ನು ಸೌತೆಕಾಯಿ ಹೆಚ್ಚಿದಂತೆ ಹೆಚ್ಚಿ ಹಾಕುತ್ತದೆ. ಗ್ಯಾಒಸ್ ಹಳೆಯದೇ, ಬಣ್ಣ ಮಾತ್ರ ಹೊಸದು. ಆದರೂ ಆ ದೃಶ್ಯ ನೋಡಿದವರು ಗಿರಾನ್ ಎಷ್ಟು ಅಪಾಯ ಅನ್ನೋದನ್ನು ಮರೆಯೋದಿಲ್ಲ. ಅಷ್ಟರಲ್ಲೇ ಖಳನ ಪರಿಚಯ ಮುಗಿಯಿತು. ಇದು ಒಳ್ಳೆಯ ಕಥೆಗಾರಿಕೆ, ಬಜೆಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಮುಂದೆ ಗಮೆರಾ ಒಂದು ಕಂಬಿ ಹಿಡಿದು ಜಿಮ್ನಾಸ್ಟಿಕ್ಸ್ ಪಟುವಿನ ಹಾಗೆ ಸುತ್ತುತ್ತದೆ. ಕೊನೆಯಲ್ಲಿ ಎರಡು ತುಂಡಾದ ಅಂತರಿಕ್ಷ ನೌಕೆಯನ್ನು ತನ್ನ ಬಾಯಿಯ ಬೆಂಕಿಯಿಂದಲೇ ಬೆಸುಗೆ ಹಾಕಿ, ಮಕ್ಕಳನ್ನು ಒಳಗಿಟ್ಟುಕೊಂಡು ಭೂಮಿಗೆ ತರುತ್ತದೆ.

ಇಂಥ ಜಾಗದಲ್ಲೇ ನನಗೆ ಕಡಿಮೆ ಬಜೆಟ್ಟಿನ ಸಿನಿಮಾಗಳ ಮೇಲೆ ಪ್ರೀತಿ ಜಾಸ್ತಿಯಾಗೋದು. ತೆರೆಯ ಮೇಲೆ ಇರುವ ಪ್ರತಿಯೊಂದೂ ಯಾರೋ ಕೈಯಿಂದ ಮಾಡಿದ್ದು. ಸೂಟಿನೊಳಗೆ ಒಬ್ಬ ಮನುಷ್ಯ ಸೆಕೆಯಲ್ಲಿ ಬೇಯುತ್ತಾ ಒದ್ದಾಡುತ್ತಿದ್ದಾನೆ. ಬೆಂಕಿ ನಿಜವಾದ ಬೆಂಕಿ, ಹೊಗೆ ನಿಜವಾದ ಹೊಗೆ. ಪುಟ್ಟ ಕಟ್ಟಡ ಬೀಳೋದನ್ನು ಕ್ಯಾಮೆರಾ ವೇಗ ಹೆಚ್ಚಿಸಿ ತೆಗೆದಿರುತ್ತಾರೆ. ಅದನ್ನು ಮಾಮೂಲಿ ವೇಗದಲ್ಲಿ ತೋರಿಸಿದಾಗ ಎಲ್ಲವೂ ನಿಧಾನವಾಗಿ ಕುಸಿದು, ಭಾರೀ ತೂಕ ಇದ್ದ ಹಾಗೆ ಕಾಣುತ್ತದೆ. ಇವತ್ತಿನ ಗ್ರಾಫಿಕ್ಸ್ ಪ್ರಾಣಿಗಳಲ್ಲಿ ಚರ್ಮದ ಸುಕ್ಕು ಸುಕ್ಕೂ ಕಾಣುತ್ತದೆ, ಆದರೆ ಎಷ್ಟೋ ಸಲ ಆ ತೂಕ ಸಿಗೋದಿಲ್ಲ. ಪ್ರಾಣಿಗಳನ್ನು ಹಾರಿಸುವ ತಂತಿ ಕಾಣಿಸುತ್ತದಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ. ಕಾಣಲಿ ಬಿಡಿ. ಬೊಂಬೆಯಾಟದಲ್ಲಿ ದಾರ ಕಂಡರೆ ಯಾರಾದರೂ ಎದ್ದು ಹೋಗುತ್ತಾರಾ?

1970ರ ಜೈಗರ್ ಕೂಡ ತಪ್ಪಿಸಬೇಡಿ. ಒಸಾಕಾದಲ್ಲಿ ಆ ವರ್ಷ ನಡೆದ ವಿಶ್ವ ಮೇಳವೇ ಹಿನ್ನೆಲೆ. ಜೈಗರ್ ಗಮೆರಾದ ಮೈಯೊಳಗೆ ಮೊಟ್ಟೆ ಇಡುತ್ತದೆ, ಇಬ್ಬರು ಹುಡುಗರು ಪುಟ್ಟ ಸಬ್‌ಮರೀನಿನಲ್ಲಿ ಗಮೆರಾದ ಬಾಯಿಂದ ಒಳಗೆ ಹೋಗುತ್ತಾರೆ. 1971ರ ಜಿಗ್ರಾ ಸಪ್ಪೆ. ಅದರಲ್ಲಿ ಗಮೆರಾ ಕಲ್ಲು ಹಿಡಿದು ಎದುರಾಳಿಯ ಬೆನ್ನಿನ ರೆಕ್ಕೆಗಳ ಮೇಲೆ ತನ್ನದೇ ಹಾಡು ನುಡಿಸುವ ದೃಶ್ಯ ಮಾತ್ರ ಬಂಗಾರ. ಅದೇ ವರ್ಷ ದಾಯೇ ದಿವಾಳಿಯಾಯಿತು. 1980ರದು ಹೆಚ್ಚುಕಮ್ಮಿ ಹಳೆಯ ಹೊಡೆದಾಟಗಳ ಜೋಡಣೆ, ಎಲ್ಲ ನೋಡಬೇಕು ಅನ್ನುವವರಿಗೆ ಮಾತ್ರ.

ಸೆಟ್ಟಿನ ಬಗ್ಗೆ ಇನ್ನಷ್ಟು. ಹಳೆಯ ಸಿನಿಮಾ ಒಂದೊಂದಕ್ಕೂ ಜಪಾನಿ ದೈತ್ಯ ಪ್ರಾಣಿ ಸಿನಿಮಾಗಳ ಬಗ್ಗೆ ಬರೆಯುವ ಆಗಸ್ಟ್ ರಗೋನ್ ಅವರ ಪುಟ್ಟ ಪರಿಚಯದ ವಿಡಿಯೋ ಇದೆ. ಸಿನಿಮಾಕ್ಕೆ ಮೊದಲು ಅದನ್ನು ನೋಡಿದರೆ ಆ ವರ್ಷ ಸ್ಟುಡಿಯೋದಲ್ಲಿ ಏನಾಗುತ್ತಿತ್ತು ಅಂತ ತಿಳಿಯುತ್ತದೆ. 80 ಪುಟದ ಪುಸ್ತಕ ಇದೆ, ದಪ್ಪ ರಟ್ಟಿನ ಕಾಮಿಕ್ಸ್ ಇದೆ, ಮ್ಯಾಟ್ ಫ್ರಾಂಕ್ ಬಿಡಿಸಿದ ಹೊದಿಕೆ ಚಿತ್ರಗಳು ಕಣ್ಣು ಕೋರೈಸುವಷ್ಟು ಬಣ್ಣ ಬಣ್ಣ. ಪೆಟ್ಟಿಗೆ ಕಾಮಿಕ್ಸ್ ಪುಸ್ತಕದ ಅಳತೆಯದು, ಡಿಸ್ಕ್ ಇಡುವ ಮಾಮೂಲಿ ಕಪಾಟಿನಲ್ಲಿ ಕೂರೋದಿಲ್ಲ, ಜಾಗ ನೋಡಿಕೊಳ್ಳಿ. ಮೂಲ ಜಪಾನಿ ಧ್ವನಿಗೆ ಇಂಗ್ಲಿಷ್ ಸಬ್‌ಟೈಟಲ್ ಇದೆ, ಇಂಗ್ಲಿಷ್ ಡಬ್ಬಿಂಗೂ ಇದೆ. ನಾನು ಜಪಾನಿಯಲ್ಲೇ ನೋಡಿ ಅನ್ನುತ್ತೇನೆ, ಆ ಹುಡುಗರ ಕೂಗಾಟ ಅವರ ಬಾಯಲ್ಲೇ ಕೇಳಬೇಕು.

ಚಿಕ್ಕ ಮಕ್ಕಳ ಜೊತೆ ನೋಡುವವರಿಗೆ ಒಂದು ಮಾತು. ಇವು ಮಕ್ಕಳ ಸಿನಿಮಾಗಳೇ, ಆದರೆ ಪ್ರಾಣಿಗಳ ಜಗಳ ಮೆತ್ತಗಿಲ್ಲ. ಕೈ ಕಾಲು ತುಂಡಾಗುತ್ತವೆ, ಗಮೆರಾದ ಹಸಿರು ರಕ್ತ ಸುರಿಯುತ್ತದೆ, ಆನೆಯ ಸೊಂಡಿಲಿನಿಂದ ಹುಳ ತೆಗೆಯುವ ನಿಜವಾದ ದೃಶ್ಯವೊಂದು ಜೈಗರ್‌ನಲ್ಲಿ ಇದೆ. ಅದನ್ನು ನೀವೇ ಮೊದಲು ನೋಡಿ ತೀರ್ಮಾನ ಮಾಡಿ.

ಇದು ಲಿಮಿಟೆಡ್ ಎಡಿಷನ್. ಸಿಗದಿದ್ದರೆ ಆಮೇಲೆ ಹಳೆಯ ಎಂಟು ಬೇರೆ, ಹೊಸ ನಾಲ್ಕು ಬೇರೆ ಸೆಟ್ಟಾಗಿಯೂ ಬಂದಿವೆ. ಎರಡರಲ್ಲಿ ಒಂದೇ ಅಂದರೆ ಕಣ್ಣು ಮುಚ್ಚಿಕೊಂಡು ಹಳೆಯ ಎಂಟನ್ನೇ ತಗೊಳ್ಳಿ. ಮೊದಲು ಗ್ಯಾಒಸ್ ಹಾಕಿ, ಆಮೇಲೆ ಗಿರಾನ್, ಆಮೇಲೆ ಹಿಂದಕ್ಕೆ ಹೋಗಿ 1965ರದು.