ಸಾಯುತ್ತಿರುವ ಡಿಸ್ಕೋ, ಕೆಟ್ಟ ಕೇಬಲ್ಲೋ: ಮೂರು ಸಾಧನ ಹಚ್ಚಿ ನೋಡಿದ್ದು

ನಮ್ಮ ಮನೆಯ ಸ್ಟೋರೇಜ್ ಪೆಟ್ಟಿಗೆಯಲ್ಲಿ 4 ಟಿಬಿಯ ಎರಡು ಡಿಸ್ಕ್‌ಗಳಿವೆ. ಒಂದರಲ್ಲಿ ಕುಟುಂಬದ ಫೋಟೊಗಳು, ಇನ್ನೊಂದರಲ್ಲಿ ಅಜ್ಜಿ ಹಾಡಿದ ಸೋಬಾನೆ ಪದಗಳ ರೆಕಾರ್ಡಿಂಗ್. ಕಳೆದ ಮಳೆಗಾಲದಲ್ಲಿ ಒಂದೇ ವಾರ ಎರಡೂ ತಕರಾರು ತೆಗೆದವು. ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ, ಕಾಪಿ ಅರ್ಧಕ್ಕೇ ನಿಲ್ಲುತ್ತಿತ್ತು. ಲಕ್ಷಣ ಒಂದೇ, ಕಾಯಿಲೆ ಬೇರೆ ಬೇರೆ ಎಂದು ತಿಳಿದದ್ದು ಆಮೇಲೆ.

ಮೊದಲು ಹಚ್ಚಿದ್ದು ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ, ಸಂಖ್ಯೆ ಹಚ್ಚಿದ ಸಾಲುಗಳ ಪಟ್ಟಿಯನ್ನು ಓದಿ ತೋರಿಸುವ ತಂತ್ರಾಂಶ ಇದು. ವಿಂಡೋಸ್‌ನಲ್ಲಿ ತೆರೆದ ಕೂಡಲೇ ಬಣ್ಣದಲ್ಲೇ ಉತ್ತರ ಸಿಗುತ್ತದೆ. ಹಾಡುಗಳ ಡಿಸ್ಕ್‌ಗೆ ಹಳದಿ ಬಂತು. 197 ಸಂಖ್ಯೆಯ ಸಾಲು (ಇದರಲ್ಲಿ C5 ಎಂದು ಕಾಣುತ್ತದೆ), ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳ (ದತ್ತಾಂಶ ಬರೆದಿಡುವ ಚಿಕ್ಕ ಚಿಕ್ಕ ಜಾಗಗಳ) ಎಣಿಕೆ, 10 ಎಂದಿತ್ತು. ಇಲ್ಲೊಂದು ಎಚ್ಚರ ಬೇಕು: ಈ ತಂತ್ರಾಂಶ ಮೂಲತಃ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಬರೆಯುತ್ತದೆ, ಹಾಗಾಗಿ ಆ 10 ನಿಜವಾಗಿ 16. ಸೆಟ್ಟಿಂಗ್‌ನಲ್ಲಿ ದಶಮಾನಕ್ಕೆ ಬದಲಿಸಿಕೊಳ್ಳಬಹುದು.

ಎರಡನೆಯದು ಅದೇ ಪಟ್ಟಿಯನ್ನು ಆದೇಶ ಟೈಪಿಸಿ ಓದುವ ಲಿನಕ್ಸ್‌ನ ಸ್ಮಾರ್ಟ್‌ಸಿಟಿಎಲ್ (smartctl). ಹಾಡುಗಳ ಡಿಸ್ಕನ್ನು ಯುಎಸ್‌ಬಿ ಡಾಕ್‌ನಲ್ಲಿ (ಡಿಸ್ಕನ್ನು ಹೊರಗಿನಿಂದ ಜೋಡಿಸುವ ಪೀಠದಲ್ಲಿ) ಇಟ್ಟಾಗ ಮಾಹಿತಿಯೇ ಬರಲಿಲ್ಲ. ಆದೇಶಕ್ಕೆ ‘-ಡಿ ಸ್ಯಾಟ್’ (-d sat) ಸೇರಿಸಿದ ಮೇಲೆ ಬಂತು. ಬಂದದ್ದೂ ಮೇಲುನೋಟಕ್ಕೆ ‘ಪಾಸ್ಡ್’! ಅದೇ ಡಿಸ್ಕ್, ಅದೇ 16. ಆ ‘ಪಾಸ್ಡ್’ ಎಂಬುದು ತಯಾರಕರು ಇಟ್ಟ ಮಿತಿ ದಾಟಿಲ್ಲ ಎಂಬಷ್ಟಕ್ಕೇ ಸೀಮಿತ, ಅದನ್ನು ನಂಬಿ ಕೂರಬೇಡಿ. ಅದರ ಕೆಳಗೆ ಬರುವ ಪಟ್ಟಿಯಲ್ಲಿ 5 (ಮೀಸಲು ಜಾಗಕ್ಕೆ ಬದಲಾದ ಸೆಕ್ಟರ್‌ಗಳು), 197, 198 (ಸರಿಪಡಿಸಲಾಗದ ಸೆಕ್ಟರ್‌ಗಳು) ಸಾಲುಗಳನ್ನು ಕಣ್ಣಾರೆ ಓದಬೇಕು.

ಆದರೂ ನನ್ನ ಮತ ಇದಕ್ಕೇ, ಏಕೆಂದರೆ ಡಿಸ್ಕ್ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವಂತೆ ಇದರಿಂದ ಮಾಡಿಸಬಹುದು. ಎರಡು ನಿಮಿಷದ ಸಣ್ಣ ಪರೀಕ್ಷೆಯಲ್ಲಿ ಎರಡೂ ಡಿಸ್ಕ್ ಪಾಸಾದವು. ಫೋಟೊಗಳದ್ದು ಏಳೆಂಟು ಗಂಟೆಯ ಉದ್ದ ಪರೀಕ್ಷೆಯನ್ನೂ ದಾಟಿತು. ಅದರಲ್ಲಿ ಏರುತ್ತಿದ್ದದ್ದು 199 ಸಂಖ್ಯೆಯ ಸಾಲು ಮಾತ್ರ. ಅದು ಡಿಸ್ಕ್‌ಗೂ ಕಂಪ್ಯೂಟರ್‌ಗೂ ನಡುವಿನ ದಾರಿಯಲ್ಲಿ ದತ್ತಾಂಶ ಕೆಡುತ್ತಿರುವ ಲೆಕ್ಕ. ಸಾಟಾ ಕೇಬಲ್ ಬದಲಿಸಿದೆ. ಹಳೆಯ ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಆದರೆ ಅವತ್ತಿಂದ ಒಂದಂಕಿಯೂ ಏರಿಲ್ಲ. ಕೇಬಲ್ ನೋಡದೆ ಹೊಸ ಡಿಸ್ಕ್ ತಂದಿದ್ದರೆ ಸಾವಿರಾರು ರೂಪಾಯಿ ದಂಡ.

ಹಾಡುಗಳ ಡಿಸ್ಕ್‌ಗೆ ಉದ್ದ ಪರೀಕ್ಷೆ ಕೊಡಲಿಲ್ಲ. 197 ಮರುದಿನಕ್ಕೆ 40ಕ್ಕೆ ಏರಿತ್ತು, ಕಟ್ ಕಟ್ ಸದ್ದೂ ಶುರುವಾಗಿತ್ತು. ಅಂಥದ್ದಕ್ಕೆ ಇನ್ನೆಂಟು ಗಂಟೆ ದುಡಿಮೆ ಹಚ್ಚುವುದು ತಪ್ಪು; ಉಳಿದ ಉಸಿರನ್ನು ಕಾಪಿಗೆ ಬಳಸಬೇಕು. ಪೂರ್ತಿ ಫಾರ್ಮ್ಯಾಟ್ ಮಾಡಿದರೆ 197 ಸೊನ್ನೆಯಾಗಬಹುದು ನಿಜ. ಬರೆಯುವಾಗ ಡಿಸ್ಕ್ ಕೆಟ್ಟ ಜಾಗ ಬಿಟ್ಟು ಮೀಸಲು ಸೆಕ್ಟರ್ ಹಿಡಿಯುತ್ತದೆ, 5ನೇ ಸಾಲು ಏರುತ್ತದೆ. ಡಿಸ್ಕ್ ವಾಸಿಯಾದಂತೆ ಕಾಣುತ್ತದೆ, ಒಳಗಿದ್ದದ್ದು ಹೋಗಿರುತ್ತದೆ.

ಮೂರನೆಯದು ಡಿಡಿರೆಸ್ಕ್ಯೂ, ರೋಗ ಹುಡುಕುವುದಕ್ಕಲ್ಲ, ಉಳಿಸುವುದಕ್ಕೆ. ಸಾಮಾನ್ಯ ಕಾಪಿ ಕೆಟ್ಟ ಸೆಕ್ಟರ್‌ನಲ್ಲಿ ಸಿಕ್ಕಿಬಿದ್ದರೆ ಇದು ಅಲ್ಲಿಂದ ಹಾರಿ, ಚೆನ್ನಾಗಿರುವುದನ್ನೆಲ್ಲ ಮೊದಲು ಎತ್ತಿಕೊಂಡು, ಕೊನೆಗೆ ಕೆಟ್ಟ ಜಾಗಕ್ಕೆ ಮರಳುತ್ತದೆ. ಎಲ್ಲೆಲ್ಲಿ ಓದಿದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದೇ ಇದರ ದೊಡ್ಡ ಗುಣ. ನಡುವೆ ಎರಡು ಸಲ ಕರೆಂಟ್ ಹೋಯಿತು, ಎರಡೂ ಸಲ ನಿಂತಲ್ಲಿಂದಲೇ ಮುಂದುವರಿಯಿತು. ಮೂಲ ಯಾವುದು, ಗುರಿ ಯಾವುದು ಎಂದು ಮಾತ್ರ ಮೂರು ಬಾರಿ ನೋಡಿ ಎಂಟರ್ ಒತ್ತಿ. ಅದಲುಬದಲಾದರೆ ಎಲ್ಲ ಅಳಿಸಿಹೋಗುತ್ತದೆ. ಒಂದೂವರೆ ದಿನದ ಬಳಿಕ ಓದಲಾಗದೆ ಉಳಿದದ್ದು ಒಂದು ಎಂಬಿಗೂ ಕಡಿಮೆ.

ಅಂಕಿ ಎಲ್ಲ ಸೊನ್ನೆ ಇದೆಯೆಂದು ನಿಶ್ಚಿಂತರಾಗಬೇಡಿ. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ ಗೂಗಲ್ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತ ಡಿಸ್ಕ್‌ಗಳ ಪೈಕಿ ಶೇ. 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದರಲ್ಲೂ ಎಣಿಕೆ ತೋರಿಸಿರಲಿಲ್ಲ. ಹಾಗಾಗಿ ಹಾಡುಗಳ ಇನ್ನೊಂದು ಪ್ರತಿ ಈಗ ತಂಗಿಯ ಮನೆಯಲ್ಲಿದೆ.

ಫೈಲ್ ವ್ಯವಸ್ಥೆಯ ದೋಷ ತಿದ್ದುವ, ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿದ್ದು ಎಲ್ಲಕ್ಕೂ ಕೊನೆಗೆ, ಅದೂ ಹೊಸ ಡಿಸ್ಕ್‌ಗೆ ಇಳಿಸಿದ ಪ್ರತಿಯ ಮೇಲೆ. ಎರಡು ಹಾಡುಗಳ ನಡುವೆ ಸದ್ದು ಕಡಿದಿದೆ, ಮಿಕ್ಕವೆಲ್ಲ ಸರಿಯಾಗಿ ಕೇಳುತ್ತಿವೆ.