ಜಾಲಹಳ್ಳಿಯ ಕೈದಿಗಳ ಹೆಸರಿನಲ್ಲಿ ನನಗೆ ಮಾರಿದ ಸುಳ್ಳು ಕೂಪನ್‌ಗಳು

ಯುದ್ಧಕಾಲದ ನೋಟು, ಸೇನೆಯ ಕೂಪನ್, ಶಿಬಿರದ ಟೋಕನ್ ಇವುಗಳನ್ನು ಕೂಡಿಡುವವರು ಬೆಂಗಳೂರಿನಲ್ಲಿ ಬಹಳ ಮಂದಿ ಇಲ್ಲ. ಇರುವವರಿಗೂ, ಈಗಷ್ಟೇ ಈ ಹವ್ಯಾಸಕ್ಕೆ ಕೈಹಾಕುತ್ತಿರುವವರಿಗೂ ತಲುಪಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಐದು ತುಂಡು ಕಾಗದಕ್ಕೆ ನಾನು 27,500 ರೂಪಾಯಿ ಕೊಟ್ಟೆ. ಐದರಲ್ಲಿ ಒಂದೂ ಹೇಳಿದಂತೆ ಇರಲಿಲ್ಲ. ಮಾರಿದವನು ಇಂದಿಗೂ ನಾಣ್ಯ ಮೇಳಗಳಲ್ಲಿ ಮೇಜು ಹಾಕಿ ಕೂರುತ್ತಿದ್ದಾನೆ.

ನಾನು ಬೆಳೆದದ್ದು ಜಾಲಹಳ್ಳಿಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ಹಡಗಿನಲ್ಲಿ ಭಾರತಕ್ಕೆ ತಂದು ಹಲವು ಕಡೆ ಇರಿಸಿದ್ದರು. ಬೆಂಗಳೂರೂ ಅದರಲ್ಲಿ ಒಂದು. ನಮ್ಮ ತಂದೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುವಾಗ ವಾಯುಪಡೆಯ ಕಾಂಪೌಂಡಿನ ಕಡೆ ಕೈತೋರಿಸಿ ಆ ಕೈದಿಗಳ ಮಾತು ತೆಗೆಯುತ್ತಿದ್ದರು. ದೊಡ್ಡವಳಾದ ಮೇಲೆ ತಿಳಿಯಿತು, ಇಂಥ ಶಿಬಿರಗಳಿಗೆ ಅವುಗಳದೇ ಹಣ ಇರುತ್ತಿತ್ತು ಎಂದು. ಕೈದಿಯ ಕೈಗೆ ನಿಜವಾದ ರೂಪಾಯಿ ಸಿಕ್ಕರೆ ಕಾವಲುಗಾರನಿಗೆ ಲಂಚ ಕೊಡಬಹುದು, ತಪ್ಪಿಸಿಕೊಂಡು ರೈಲು ಹತ್ತಬಹುದು. ಹಾಗಾಗಿ ಆಣೆ, ರೂಪಾಯಿ ಲೆಕ್ಕದ ಕೂಪನ್ ಅಚ್ಚು ಹಾಕಿಸಿ ಕೊಡುತ್ತಿದ್ದರು. ಅದಕ್ಕೆ ಶಿಬಿರದ ಕ್ಯಾಂಟೀನಿನಲ್ಲಿ ಸಾಬೂನು, ಸಿಗರೇಟು ಸಿಗುತ್ತಿತ್ತು, ಬೇಲಿಯ ಆಚೆ ಬೆಲೆ ಇರಲಿಲ್ಲ. ನಮ್ಮೂರಿನ ನೆಲದಲ್ಲಿ ಓಡಾಡಿದ ಅಂಥದ್ದೊಂದು ಕಾಗದ ನನ್ನ ಕೈಗೆ ಬರಬೇಕು ಎಂಬ ಆಸೆ ಇಪ್ಪತ್ತು ವರ್ಷಗಳದ್ದು. ಮೋಸ ಹೋದದ್ದು ಆ ಆಸೆಯಿಂದಲೇ.

ಮಾರಿದವನ ಪರಿಚಯವಾದದ್ದು ನಗರದ ಒಂದು ನಾಣ್ಯ ಪ್ರದರ್ಶನದಲ್ಲಿ. ಮೊದಲ ದಿನ ಅವನು ನನಗೆ ಕೊಟ್ಟದ್ದು ಅಸಲಿ ಸರಕೇ. ಜಪಾನೀಯರು ಬರ್ಮಾವನ್ನು ಆಕ್ರಮಿಸಿಕೊಂಡಾಗ ಹೊರಡಿಸಿದ ರೂಪಾಯಿ ನೋಟುಗಳು. ಅವುಗಳ ಮೇಲಿನ ಅಕ್ಷರ ಗುರುತು ‘ಬಿ’ಯಿಂದ ಆರಂಭವಾಗುತ್ತದೆ, ಬಿ ಎಂದರೆ ಬರ್ಮಾ, ಮಲಯದ ಡಾಲರಿಗೆ ‘ಎಂ’, ಫಿಲಿಪ್ಪೀನ್ಸಿನ ಪೆಸೊಗೆ ‘ಪಿ’. ಲೆಕ್ಕವಿಲ್ಲದಷ್ಟು ಅಚ್ಚಾಗಿ, 1945ರಲ್ಲಿ ಜಪಾನ್ ಸೋತ ಕೂಡಲೇ ರದ್ದಿಯಾದವು. ಇಂದಿಗೂ ಅಗ್ಗ. ಅವನು ಹೇಳಿದ ಬೆಲೆಯೂ ಸರಿಯಾಗಿತ್ತು. “ಇದಕ್ಕೆ ಹೆಚ್ಚು ಕೊಡಬೇಡಿ ಮೇಡಂ, ಎಲ್ಲಾ ಕಡೆ ಸಿಗುತ್ತದೆ” ಎಂದು ಅವನೇ ಹೇಳಿದ. ಆ ಒಂದು ಮಾತಿಗೆ ನಾನು ಅವನನ್ನು ನಂಬಿಬಿಟ್ಟೆ. ಮಾತಿನ ನಡುವೆ ನನ್ನ ಊರು ಯಾವುದೆಂದು ಕೇಳಿ ತಿಳಿದುಕೊಂಡ.

ಮೂರು ವಾರ ಕಳೆದು ಫೋನ್ ಬಂತು. ನಿಧನರಾದ ಒಬ್ಬ ಸುಬೇದಾರರ ಮನೆಯ ಟ್ರಂಕು ಸಿಕ್ಕಿದೆ, ಅದರಲ್ಲಿ ಬೆಂಗಳೂರಿನ ಕೈದಿ ಶಿಬಿರದ ಕೂಪನ್‌ಗಳಿವೆ, ಜಾಲಹಳ್ಳಿಯವರಾದ ನಿಮಗೇ ಮೊದಲು ಹೇಳುತ್ತಿದ್ದೇನೆ ಎಂದ. ಹೋದೆ. ಮೇಜಿನ ಮೇಲೆ ತುಕ್ಕು ಹಿಡಿದ ಟ್ರಂಕು, ಹಳೆಯ ಪದಕದ ಪಟ್ಟಿ, ಮಾಸಿದ ಒಂದು ಗ್ರೂಪ್ ಫೋಟೊ. ಒಂದಾಣೆ, ನಾಲ್ಕಾಣೆ, ಎಂಟಾಣೆ, ಒಂದು ರೂಪಾಯಿಯ ನಾಲ್ಕು ಕೂಪನ್‌ಗಳು ಪ್ಲಾಸ್ಟಿಕ್ ಹಾಳೆಯಲ್ಲಿದ್ದವು. ಜೊತೆಗೆ ಆರನೆಯ ಜಾರ್ಜ್ ದೊರೆಯ ಹತ್ತು ರೂಪಾಯಿ ನೋಟು, ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಮಿಲಿಟರಿ ಅಡ್ಮಿನಿಸ್ಟ್ರೇಷನ್ ಆಫ್ ಬರ್ಮಾ’ ಎಂಬ ಓವರ್‌ಪ್ರಿಂಟ್, ಅಂದರೆ ಅಚ್ಚಾದ ನೋಟಿನ ಮೇಲೆ ಆಮೇಲೆ ಒತ್ತಿದ ಅಕ್ಷರ. ಕೂಪನ್‌ಗಳಿಗೆ 18,000, ನೋಟಿಗೆ 9,500. ಸಂಜೆಯೊಳಗೆ ಇನ್ನೊಬ್ಬರು ಬರುತ್ತಾರೆ ಎಂದ. ಅಲ್ಲೇ ನಿಂತು ಮೊಬೈಲಿನಿಂದ ಹಣ ಕಳುಹಿಸಿದೆ. ಪ್ಲಾಸ್ಟಿಕ್ಕಿನಿಂದ ಒಂದನ್ನೂ ಹೊರಗೆ ತೆಗೆದು ನೋಡಲಿಲ್ಲ. “ಕೈಯ ಬೆವರು ತಾಗಬಾರದು ಮೇಡಂ” ಎಂದದ್ದು ಕಾಳಜಿಯೆಂದೇ ತಿಳಿದೆ.

ಆ ವಾರವೇ ಮಲ್ಲೇಶ್ವರದಲ್ಲಿರುವ ಹಿರಿಯ ಸಂಗ್ರಾಹಕರೊಬ್ಬರ ಮನೆಗೆ ಸಂಭ್ರಮದಿಂದ ತೆಗೆದುಕೊಂಡು ಹೋದೆ. ಎಂಬತ್ತು ದಾಟಿದವರು, ನನಗೆ ಗುರುಗಳಿದ್ದಂತೆ. ಅವರು ಮೊದಲು ಮಾಡಿದ ಕೆಲಸ ಕಾಗದಗಳನ್ನು ಪ್ಲಾಸ್ಟಿಕ್ಕಿನಿಂದ ಹೊರತೆಗೆದು ಬಿಳಿಯ ಬಟ್ಟೆಯ ಮೇಲೆ ಸಾಲಾಗಿ ಇಟ್ಟದ್ದು. ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ, “ನೋಡಮ್ಮಾ, ಗುಂಡುಸೂಜಿಯ ತುಕ್ಕು ಎಲ್ಲಿದೆ?” ಎಂದರು.

ನಾಲ್ಕೂ ಕೂಪನ್‌ಗಳ ಎಡಮೂಲೆಯಲ್ಲಿ ಕಂದು ಬಣ್ಣದ ತುಕ್ಕಿನ ಕಲೆ ಇತ್ತು, ಒಟ್ಟಿಗೆ ಗುಂಡುಸೂಜಿ ಚುಚ್ಚಿಟ್ಟಿದ್ದಂತೆ. ನಾನು ಅದನ್ನು ಹಳಮೆಯ ಗುರುತೆಂದೇ ಪ್ರೀತಿಯಿಂದ ನೋಡಿದ್ದೆ. ಅವರು ಬೆಳಕಿಗೆ ಹಿಡಿದು ತೋರಿಸಿದರು: ಕಲೆ ಇದೆ, ತೂತು ಇಲ್ಲ. ನಾಲ್ಕರಲ್ಲೂ ಕಲೆಯ ಆಕಾರ ಒಂದೇ, ಬಾಲವಿರುವ ಗೊದಮೊಟ್ಟೆಯ ಹಾಗೆ, ಬಾಲ ತಿರುಗಿದ ದಿಕ್ಕೂ ಒಂದೇ. ಯಾವುದೋ ಒಂದು ಕಾಗದವನ್ನು ಸ್ಕ್ಯಾನ್ ಮಾಡಿ, ಕಲೆಯ ಸಮೇತ ಮುದ್ರಿಸಿ, ಮೊತ್ತವನ್ನೂ ಸಂಖ್ಯೆಯನ್ನೂ ಬದಲಾಯಿಸಿದ್ದರು. ಭೂತಗನ್ನಡಿಯಲ್ಲಿ ನೋಡಿದರೆ ಅಕ್ಷರಗಳ ಸುತ್ತ ಹಿಟ್ಟು ಉದುರಿದಂತೆ ಕಪ್ಪು ಚುಕ್ಕೆಗಳು. ಅದು ಲೇಸರ್ ಪ್ರಿಂಟರಿನ ಪುಡಿ. ಆ ಕಾಲದಲ್ಲಿ ಅಚ್ಚುಮೊಳೆ ಜೋಡಿಸಿ ಒತ್ತಿದ ಅಕ್ಷರವಾಗಿದ್ದರೆ ಅಂಚಿನಲ್ಲಿ ಶಾಯಿ ಒತ್ತರಿಸಿ ಗಟ್ಟಿ ಗೆರೆ ಕಾಣುತ್ತದೆ, ಹಿಂಬದಿಯಲ್ಲಿ ಬೆರಳಾಡಿಸಿದರೆ ಒತ್ತಿದ ಗುರುತು ತಿಳಿಯುತ್ತದೆ. ಇಲ್ಲಿ ಹಿಂಬದಿ ನುಣ್ಣಗೆ.

ಬಳಿಕ ಕಿಟಕಿಯ ಪರದೆ ಎಳೆದು ನೇರಳಾತೀತ ಬೆಳಕಿನ ಸಣ್ಣ ಟಾರ್ಚ್ ಹಚ್ಚಿದರು. ನನ್ನ ಕೂಪನ್‌ಗಳು ನೀಲಿ ಬಿಳುಪಿನಲ್ಲಿ ಹೊತ್ತಿಕೊಂಡಂತೆ ಹೊಳೆದವು. ಪಕ್ಕದಲ್ಲಿಟ್ಟ ಅವರದೇ 1943ರ ರಸೀದಿಯೊಂದು ಮಂಕಾಗಿಯೇ ಉಳಿಯಿತು. ಕಾಗದವನ್ನು ಬೆಳ್ಳಗೆ ಕಾಣಿಸುವ ಹೊಳಪಿನ ರಾಸಾಯನಿಕವನ್ನು ಬೆರೆಸುವ ರೂಢಿ ಬಂದದ್ದು ಯುದ್ಧ ಮುಗಿದ ನಂತರ. ಇಷ್ಟಕ್ಕೇ ಟಾರ್ಚನ್ನು ಪೂರ್ತಿ ನಂಬಬೇಡಿ. ಬಟ್ಟೆ ಪುಡಿಯ ನೀರು ತಾಗಿದ ಹಳೆಯ ಕಾಗದವೂ ಅಲ್ಲಲ್ಲಿ ಹೊಳೆಯಬಹುದು. ಹಳೆಯ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳ ಮೇಲೆ ಮುದ್ರಿಸಿದ ನಕಲಿ ಹೊಳೆಯುವುದೇ ಇಲ್ಲ.

ಹತ್ತು ರೂಪಾಯಿ ನೋಟಿನದು ಇನ್ನೂ ನಾಜೂಕಾದ ಮೋಸ. ನೋಟು ಅಸಲಿ. ಕಾಗದ, ವಾಟರ್‌ಮಾರ್ಕ್ ಎಲ್ಲವೂ ಸರಿ. ಬರ್ಮಾವನ್ನು ಬ್ರಿಟಿಷರು ಮರಳಿ ಪಡೆದಾಗ, 1945ರಲ್ಲಿ, ಭಾರತದ ನೋಟುಗಳ ಮೇಲೆ ಹೀಗೆ ಓವರ್‌ಪ್ರಿಂಟ್ ಮಾಡಿ ಅಲ್ಲಿ ಮಾತ್ರ ಚಲಾವಣೆಗೆ ಬಿಟ್ಟದ್ದೂ ನಿಜ. 1947ರ ಏಪ್ರಿಲ್‌ವರೆಗೆ ಬರ್ಮಾದ ಕರೆನ್ಸಿಯ ಹೊಣೆ ನಮ್ಮ ರಿಸರ್ವ್ ಬ್ಯಾಂಕಿನದೇ ಆಗಿತ್ತು. ಓವರ್‌ಪ್ರಿಂಟ್ ಇಲ್ಲದ ಸಾಮಾನ್ಯ ನೋಟು ಅಗ್ಗ, ಇರುವುದು ದುಬಾರಿ. ಅಗ್ಗದ ನೋಟಿಗೆ ಎರಡು ಸಾಲು ಕೆಂಪು ಅಕ್ಷರ ಒತ್ತಿದರೆ ಆಯಿತು. ಹಿರಿಯರು ನಡುಮಡಿಕೆಯನ್ನು ಭೂತಗನ್ನಡಿಯ ಕೆಳಗೆ ತಂದರು. ಮಡಚಿ ಮಡಚಿ ಅಲ್ಲಿ ಕಾಗದದ ನಾರು ಒಡೆದಿತ್ತು, ಹಳೆಯ ಮುದ್ರಣ ಸವೆದು ಬಿಳಿ ಗೆರೆ ಬಿದ್ದಿತ್ತು. ಕೆಂಪು ಅಕ್ಷರ ಮಾತ್ರ ಆ ಗೆರೆಯ ಮೇಲೆ ಎಲ್ಲೂ ಸವೆಯದೆ ದಾಟಿ ಹೋಗಿತ್ತು. ಅಷ್ಟೇ ಅಲ್ಲ, ಒಡೆದ ನಾರಿನೊಳಗೆ ಕೆಂಪು ಶಾಯಿ ಇಂಗಿ ಎರಡೂ ಬದಿಗೆ ಹರಡಿತ್ತು. ನೋಟು ಸವೆದು ಹಣ್ಣಾದ ಮೇಲೆ ಬಿದ್ದ ಶಾಯಿ ಅದು.

ಮಾರಿದವನ ಬಳಿಗೆ ಮರುದಿನವೇ ಹೋದೆ. ಕೂಗಾಡಲಿಲ್ಲ, ಹಣ ವಾಪಸ್ ಕೊಡಿ ಎಂದಷ್ಟೇ ಕೇಳಿದೆ. “ನನಗೆ ಕೊಟ್ಟವರು ಹೇಳಿದ್ದನ್ನು ನಾನು ಹೇಳಿದೆ, ಅಸಲಿ ಎಂದು ಬರೆದು ಕೊಟ್ಟಿದ್ದೇನೆಯೇ?” ಎಂದ. ಬಿಲ್ಲು ತೆಗೆದು ನೋಡಿದೆ. ‘ಹಳೆಯ ಕಾಗದದ ವಸ್ತುಗಳು, 5’ ಎಂದು ಮಾತ್ರ ಇತ್ತು. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿ ಇದೆ, ಕೊಡುತ್ತೇನೆ. ಆದರೆ ಬಿಲ್ಲಿನ ಆ ಒಂದು ಸಾಲು ನನಗೆ ಎಷ್ಟು ತೊಡಕಾಗಿದೆ ಎಂಬುದು ವಕೀಲರ ಮುಂದೆ ಕೂತಾಗ ತಿಳಿಯಿತು. ನೀವು ಕೊಳ್ಳುವಾಗ ವಸ್ತುವಿನ ಹೆಸರು, ಕಾಲ, ಸಂಖ್ಯೆ, ನಕಲಿ ಎಂದು ತಿಳಿದರೆ ಎಷ್ಟು ದಿನದೊಳಗೆ ಹಣ ಮರಳಿಸುತ್ತಾರೆ ಎಂಬುದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಮಾರಿದವನ ಮೇಜಿನ ಮೇಲೆ ‘ಅಮೆರಿಕ ಸೇನೆಯ ತರಬೇತಿ ಡಾಲರ್’ ಎಂದು ನೂರು ಡಾಲರಿನ ನೋಟುಗಳ ಕಟ್ಟೂ ಇತ್ತು. ಮೇಲೆ ಚೀನೀ ಅಕ್ಷರಗಳಿದ್ದವು. ಅವು ಚೀನಾದ ಬ್ಯಾಂಕ್ ಸಿಬ್ಬಂದಿ ನೋಟು ಎಣಿಸುವುದನ್ನು ಕಲಿಯಲು ಬಳಸುವ ಅಭ್ಯಾಸದ ನೋಟುಗಳು, ಯಾವ ಸೇನೆಗೂ ಸಂಬಂಧವಿಲ್ಲ. ಅಂಥದ್ದು ಮನೆಯಲ್ಲಿದ್ದರೆ ಮುಂದೆ ಯಾರಾದರೂ ನಿಜವಾದ ಡಾಲರೆಂದು ಚಲಾಯಿಸಲು ಹೋಗಿ ಸಿಕ್ಕಿಬೀಳಬಹುದು. ನೇತಾಜಿಯ ಚಿತ್ರವಿರುವ ‘ಆಜಾದ್ ಹಿಂದ್ ಬ್ಯಾಂಕ್’ ನೋಟುಗಳೂ ಇದ್ದವು. 1944ರಲ್ಲಿ ರಂಗೂನಿನಲ್ಲಿ ಆ ಬ್ಯಾಂಕ್ ತೆರೆದದ್ದು ಚರಿತ್ರೆ; ಆ ಹೆಸರಿನಲ್ಲಿ ಇತ್ತೀಚೆಗೆ ಅಚ್ಚಾದ ಕಾಗದ ಮಾರುಕಟ್ಟೆಯಲ್ಲಿ ರಾಶಿ ಇದೆ. ದೇಶಭಕ್ತಿಯ ಭರದಲ್ಲಿ ಕೊಳ್ಳಬೇಡಿ.

ಹೊಸಬರು ಅಗ್ಗದ ಅಸಲಿಯಿಂದ ಆರಂಭಿಸಿ. ಅಮೆರಿಕ ಸೇನೆ 1946ರಿಂದ 1973ರವರೆಗೆ ಹೊರದೇಶದ ನೆಲೆಗಳಲ್ಲಿ ಸೈನಿಕರಿಗೆ ಡಾಲರಿನ ಬದಲು ಕೊಡುತ್ತಿದ್ದ ಪಾವತಿ ಪತ್ರಗಳಿವೆ, ಒಟ್ಟು 13 ಸರಣಿ. ಕೊನೆಕೊನೆಯ ಸರಣಿಗಳ ಸಣ್ಣ ಮೊತ್ತದವು ಕೈಗೆಟಕುತ್ತವೆ. ಅವುಗಳ ಕಾಗದದೊಳಗೆ ಬಣ್ಣದ ಸಣ್ಣ ಚುಕ್ಕೆಗಳು ಹುದುಗಿರುತ್ತವೆ. ಸೂಜಿಯಿಂದ ಕೆರೆಯದೆ, ಭೂತಗನ್ನಡಿಯಲ್ಲಿ ನೋಡಿಯೇ ಗುರುತಿಸುವುದನ್ನು ಕಲಿಯಿರಿ. ಬ್ರಂಟನ್ ರಸ್ತೆಯಲ್ಲಿ ರಿಜ್ವಾನ್ ರಜಾಕ್ ಅವರ ಭಾರತೀಯ ಕಾಗದದ ಹಣದ ವಸ್ತುಸಂಗ್ರಹಾಲಯವಿದೆ. ಒಂದು ಮಧ್ಯಾಹ್ನ ಅಲ್ಲಿ ಕಳೆದರೆ ಹಳೆಯ ನೋಟಿನ ಮುದ್ರಣ ಹೇಗಿತ್ತೆಂಬುದು ಕಣ್ಣಿಗೆ ಕೂರುತ್ತದೆ. ನಾನು ಹಣ ಕೊಡುವ ಮೊದಲು ಹೋಗಬೇಕಿತ್ತು.

ನನಗೆ ಮಾರಿದ ಕೂಪನ್‌ಗಳ ಸಂಖ್ಯೆಗಳು 02614, 02615, 02618, 02621. ನಾಲ್ಕರ ಹಿಂಬದಿಯಲ್ಲೂ ‘ನಕಲಿ’ ಎಂದು ಅಳಿಸದ ಶಾಯಿಯಲ್ಲಿ ಬರೆದು ಇಟ್ಟಿದ್ದೇನೆ. ಹೋದ ತಿಂಗಳು ಮೈಸೂರಿನ ಸಂಗ್ರಾಹಕರೊಬ್ಬರು ತಮ್ಮ ಎಂಟಾಣೆ ಕೂಪನ್ನಿನ ಫೋಟೊ ಕಳುಹಿಸಿದ್ದರು. ಎಡಮೂಲೆಯಲ್ಲಿ ಅದೇ ಗೊದಮೊಟ್ಟೆ, ಸಂಖ್ಯೆ 02618.